ಹಣ್ಣಾದ ರೋಗಿಯ ಚಾರ್ಟ್‌ಗೆ ಕೋಡ್ ಹಾಕುವ ಕ್ರಮ

ಮೆಡಿಕಲ್ ಕೋಡಿಂಗ್ ಎಂದರೆ ರೋಗಿಯ ಆಸ್ಪತ್ರೆ ದಾಖಲೆಯನ್ನು, ಅಂದರೆ ಚಾರ್ಟನ್ನು, ಓದಿ ಅದರಲ್ಲಿರುವ ಕಾಯಿಲೆ, ಚಿಕಿತ್ಸೆಗಳನ್ನು ಬಿಲ್‌ಗೆ ಬೇಕಾದ ಸಂಕೇತಗಳಾಗಿ ಬರೆಯುವ ಕೆಲಸ. ಬೆಂಗಳೂರು, ಮೈಸೂರುಗಳ ಮೆಡಿಕಲ್ ಕೋಡಿಂಗ್ ಕಚೇರಿಗಳಲ್ಲಿ ಅಮೆರಿಕದ ಒಳರೋಗಿ ಚಾರ್ಟ್‌ಗಳನ್ನು ಬಿಡಿಸುವ ಹೊಸಬರು ಎಡವುವುದು ದೊಡ್ಡ ಶಸ್ತ್ರಚಿಕಿತ್ಸೆಯ ಕೇಸುಗಳಲ್ಲಿ ಅಲ್ಲ. ಅಲ್ಲಿ ಎಲ್ಲವೂ ಕೈಗೆ ಸಿಗುವಂತೆ ಬರೆದಿರುತ್ತದೆ. ಎಡವುವುದು ಎಂಬತ್ತು ದಾಟಿದ, ತಿಂಗಳುಗಳಿಂದ ಸೊರಗುತ್ತ ಬಂದ, ಈಗ ಯಾವುದೋ ಸೋಂಕು ನೆಪವಾಗಿ ಆಸ್ಪತ್ರೆ ಸೇರಿದ ರೋಗಿಯ ಚಾರ್ಟ್‌ನಲ್ಲಿ. ನೂರಾರು ಪುಟ ಇರುತ್ತವೆ. ವೈದ್ಯರು ಎರಡು ಸಾಲಿನಲ್ಲಿ ಮುಗಿಸಿದ್ದನ್ನು ನರ್ಸ್, ಆಹಾರತಜ್ಞೆ, ಫಿಸಿಯೋಥೆರಪಿಸ್ಟ್ ಪುಟಗಟ್ಟಲೆ ಬರೆದಿರುತ್ತಾರೆ. ರೋಗಿಯ ನಿಜವಾದ ಸ್ಥಿತಿ ಆ ಪುಟಗಳಲ್ಲಿರುತ್ತದೆ, ಕೋಡ್ ಹಾಕುವ ಅಧಿಕಾರ ಮಾತ್ರ ಆ ಎರಡು ಸಾಲಿಗೆ. ಈ ಬಗೆಯ ಚಾರ್ಟ್‌ನ ಕಷ್ಟವೆಲ್ಲ ಇದರಲ್ಲೇ ಇದೆ.

ಹಾಗಾಗಿ ಪ್ರತಿ ಹೆಜ್ಜೆಯಲ್ಲೂ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಇದನ್ನು ಬರೆದವರು ಯಾರು?

ಉದಾಹರಣೆಗೆ ತರಬೇತಿಗೆಂದು ಕಟ್ಟಿದ ಒಂದು ಕಾಲ್ಪನಿಕ ಚಾರ್ಟ್ ಇಟ್ಟುಕೊಳ್ಳೋಣ. ರೋಗಿ 86 ವರ್ಷದ ಅಜ್ಜಿ, ಇರುವುದು ನರ್ಸಿಂಗ್ ಹೋಮ್‌ನಲ್ಲಿ. ಆಲ್‌ಝೈಮರ್ ಇದೆ. ಊಟ ಮಾಡುವಾಗ ಕೆಮ್ಮಿ, ಉಸಿರು ಕಟ್ಟಿ, ಆಮ್ಲಜನಕದ ಮಟ್ಟ ಕುಸಿದು ಆಸ್ಪತ್ರೆಗೆ ಬಂದಿದ್ದಾರೆ. ಬೆನ್ನಿನ ಕೆಳಗೆ ಹುಣ್ಣಿದೆ. ಒಂಬತ್ತನೆಯ ದಿನ ಹಾಸ್ಪೈಸ್‌ಗೆ, ಅಂದರೆ ಗುಣಪಡಿಸುವ ಚಿಕಿತ್ಸೆ ಬಿಟ್ಟು ಕೊನೆಗಾಲದ ಆರೈಕೆಗೆ, ಹೋದರು.

ಮೊದಲು ಓದುವುದು, ಆಮೇಲೆ ಎನ್‌ಕೋಡರ್

ಡಿಸ್ಚಾರ್ಜ್ ಸಮ್ಮರಿ ಓದಿ ಕೂಡಲೇ ಎನ್‌ಕೋಡರ್ (ಕೋಡ್ ಹುಡುಕುವ ತಂತ್ರಾಂಶ) ತೆರೆಯುವ ಅಭ್ಯಾಸವನ್ನು ಈ ಚಾರ್ಟ್‌ಗಳ ಮಟ್ಟಿಗೆ ಬಿಡಬೇಕು. ದಾಖಲಾತಿಯ ದಿನದ ತಪಾಸಣಾ ವರದಿ, ದಿನವಹಿ ಪ್ರೊಗ್ರೆಸ್ ನೋಟ್‌ಗಳು, ತಜ್ಞರ ಕನ್ಸಲ್ಟ್, ಕೊನೆಗೆ ಸಮ್ಮರಿ, ಈ ಕ್ರಮದಲ್ಲಿ ಓದಿ. ಅದಾದ ಮೇಲೆ ನರ್ಸಿಂಗ್, ಆಹಾರ, ಥೆರಪಿ ನೋಟ್‌ಗಳಿಗೆ ಬನ್ನಿ. ಆ ನೋಟ್‌ಗಳಿಂದ ನೇರವಾಗಿ ಕೋಡ್ ಹುಟ್ಟುವುದು ಅಪರೂಪ. ಆದರೆ ವೈದ್ಯರು ಏನನ್ನು ಬಿಟ್ಟಿದ್ದಾರೆ ಎಂಬುದು ತಿಳಿಯುವುದು ಅಲ್ಲಿಯೇ.

ಅಧಿಕೃತ ಮಾರ್ಗಸೂಚಿಯ ನಿಲುವು ಸ್ಪಷ್ಟವಾಗಿದೆ. ರೋಗನಿರ್ಣಯ ಬರೆಯಬೇಕಾದವರು ಪ್ರೊವೈಡರ್, ಎಂದರೆ ರೋಗಿಯ ನಿರ್ಣಯಕ್ಕೆ ಕಾನೂನು ಪ್ರಕಾರ ಹೊಣೆಯಾದ ವೈದ್ಯರು ಅಥವಾ ಅಂಥ ಅಧಿಕಾರವುಳ್ಳ ನರ್ಸ್ ಪ್ರಾಕ್ಟಿಷನರ್, ಫಿಸಿಷಿಯನ್ ಅಸಿಸ್ಟೆಂಟ್. ಕೆಲವಕ್ಕೆ ವಿನಾಯಿತಿ ಇದೆ: ಬಿಎಂಐ, ಒತ್ತಡದ ಹುಣ್ಣಿನ ಹಂತ, ಕೋಮಾ ಸ್ಕೇಲ್, ಪಾರ್ಶ್ವವಾಯುವಿನ ಅಂಕ, ಸಾಮಾಜಿಕ ಸ್ಥಿತಿಗತಿಯ ಝಡ್ ಕೋಡ್‌ಗಳು (ಕಾಯಿಲೆಯಲ್ಲದಿದ್ದರೂ ಆರೋಗ್ಯಕ್ಕೆ ಸಂಬಂಧಿಸಿದ ಸಂಗತಿಗಳ ಕೋಡ್), ಹೀಗೆ. ಇವುಗಳ ಅಂಕಿಯನ್ನೋ ಹಂತವನ್ನೋ ಬೇರೆ ಸಿಬ್ಬಂದಿಯ ನೋಟ್‌ನಿಂದ ತೆಗೆದುಕೊಳ್ಳಬಹುದು. ಹುಣ್ಣು ಇದೆ, ತೂಕ ಕಡಿಮೆ ಎಂಬ ಮೂಲ ನಿರ್ಣಯ ಮಾತ್ರ ಪ್ರೊವೈಡರ್ ಕೈಯಿಂದಲೇ ಬರಬೇಕು.

ಮುಖ್ಯ ನಿರ್ಣಯ

ಎಲ್ಲ ಪರೀಕ್ಷೆಯ ನಂತರ, ದಾಖಲಾತಿಗೆ ಮುಖ್ಯ ಕಾರಣವೆಂದು ಸ್ಥಾಪಿತವಾದದ್ದು ಮುಖ್ಯ ನಿರ್ಣಯ. ವಯಸ್ಸಾದವರು ‘ನಿಶ್ಶಕ್ತಿ’, ‘ಬಿದ್ದರು’, ‘ಊಟ ಬಿಟ್ಟರು’ ಎಂದೇ ಬರುತ್ತಾರೆ. ಅವು ಬಾಗಿಲಲ್ಲಿ ಹೇಳಿದ ಮಾತುಗಳು. ಒಳಗೆ ಕಾರಣ ಪತ್ತೆಯಾದ ಮೇಲೆ ಲಕ್ಷಣದ ಕೋಡ್ ಮೊದಲ ಸ್ಥಾನದಲ್ಲಿ ಉಳಿಯಬಾರದು. ನಮ್ಮ ಅಜ್ಜಿಗೆ ಆಸ್ಪಿರೇಷನ್ ನ್ಯುಮೋನಿಯಾ (ಆಹಾರ ಶ್ವಾಸಕೋಶಕ್ಕೆ ಇಳಿದು ಆದ ನ್ಯುಮೋನಿಯಾ), ಜೆ 69.0. ಜೊತೆಗೆ ತೀವ್ರ ಉಸಿರಾಟ ವೈಫಲ್ಯ, ಜೆ 96.01. ಎರಡೂ ಬರುವಾಗಲೇ ಇದ್ದವು. ಯಾವುದು ಮೊದಲು ಎಂಬುದು ದಾಖಲಾತಿಯ ಸಂದರ್ಭ ಮತ್ತು ಚಿಕಿತ್ಸೆಯ ಗಮನ ಎತ್ತ ಇತ್ತು ಎಂಬುದರ ಮೇಲೆ ನಿಂತಿದೆ. ಯಾವುದನ್ನು ಮೇಲಿಟ್ಟರೆ ಹಣ ಹೆಚ್ಚು ಎಂದು ಮೊದಲು ನೋಡಿ ಆಮೇಲೆ ಕಾರಣ ಹುಡುಕುವವರನ್ನು ಆಡಿಟರ್ ಮೊದಲ ಪುಟದಲ್ಲೇ ಗುರುತಿಸುತ್ತಾರೆ.

ಒಳರೋಗಿ ಚಾರ್ಟ್‌ನಲ್ಲಿ ಡಿಸ್ಚಾರ್ಜ್ ವೇಳೆಗೂ ‘ಸಂಭಾವ್ಯ’, ‘ಶಂಕಿತ’ ಎಂದೇ ಉಳಿದ ನಿರ್ಣಯವನ್ನು ಇದ್ದಂತೆಯೇ ಎಣಿಸಿ ಕೋಡ್ ಹಾಕಬಹುದು. ಹೊರರೋಗಿಗೆ ಈ ಸವಲತ್ತಿಲ್ಲ. ಎರಡೂ ಬಗೆಯ ಕೆಲಸ ಮಾಡುವವರು ಇದನ್ನು ಅದಲುಬದಲು ಮಾಡಿಕೊಳ್ಳುವುದುಂಟು.

ಆರ್ 54: ಒಂದು ಕೋಡ್, ಸಣ್ಣ ಕೆಲಸ

ಅಮೆರಿಕದ ರೋಗ ಕೋಡ್‌ಗಳ ಪಟ್ಟಿಯಾದ ಐಸಿಡಿ-10-ಸಿಎಂನ ಸೂಚಿಯಲ್ಲಿ ಫ್ರೇಲ್ಟಿ ಎಂದು ಹುಡುಕಿದರೆ ಸಿಗುವುದು ಆರ್ 54, ವಯೋಸಂಬಂಧಿ ದೈಹಿಕ ನಿತ್ರಾಣ. ಪ್ರೊವೈಡರ್ ಹಾಗೆಂದು ಬರೆದು, ಅದಕ್ಕಾಗಿ ಏನಾದರೂ ಮಾಡಿದ್ದರೆ ಹಾಕಿ. ವಯಸ್ಸಿನ ನಂಟಿಲ್ಲದ ಬರಿಯ ನಿತ್ರಾಣ ಆರ್ 53.81ಕ್ಕೆ ಹೋಗುತ್ತದೆ. ಸಾರ್ಕೊಪೀನಿಯಾ, ಅಂದರೆ ವಯಸ್ಸಿನಿಂದ ಸ್ನಾಯು ಕರಗುವುದು, 2016ರ ಅಕ್ಟೋಬರ್‌ನಿಂದ ಎಂ 62.84 ಎಂಬ ಸ್ವಂತ ಕೋಡ್ ಪಡೆದಿದೆ. ಅದು ಆರ್ 54ರ ಎಕ್ಸ್‌ಕ್ಲೂಡ್ಸ್ 1 (ಜೊತೆಗೆ ಹಾಕಬಾರದ ಕೋಡ್‌ಗಳ) ಪಟ್ಟಿಯಲ್ಲಿರುವುದರಿಂದ ಎರಡನ್ನೂ ಕಣ್ಣುಮುಚ್ಚಿ ಜೊತೆಗಿಡುವಂತಿಲ್ಲ.

ಚಾರ್ಟ್‌ನಲ್ಲಿ ‘ಕ್ಲಿನಿಕಲ್ ಫ್ರೇಲ್ಟಿ ಸ್ಕೇಲ್ 7’ ಎಂದು ಕಂಡರೆ ಏನು ಮಾಡಬೇಕು? ಇದು ಕೆನಡಾದ ಡಲ್ಹೌಸಿ ವಿಶ್ವವಿದ್ಯಾಲಯದಿಂದ ಬಂದ, 1ರಿಂದ 9ರವರೆಗಿನ ಅಳತೆ. 7 ಎಂದರೆ ಸ್ವಂತ ಕೆಲಸಗಳಿಗೆ ಪೂರ್ತಿ ಪರಾವಲಂಬಿ. ಆ ಅಂಕಕ್ಕೆ ತನ್ನದೇ ಆದ ಕೋಡ್ ಇಲ್ಲ. ನರ್ಸ್ ಬರೆದ 7ನ್ನು ನೋಡಿ ಆರ್ 54 ಹಾಕುವಂತೆಯೂ ಇಲ್ಲ. ಅಮೆರಿಕದ ಹಿರಿಯರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ 2025ರ ವರದಿ ವರ್ಷದಿಂದ ಹಿರಿಯರ ಆರೈಕೆಯ ಒಂದು ಗುಣಮಟ್ಟದ ಅಳತೆಯನ್ನು ಆಸ್ಪತ್ರೆಗಳಿಗೆ ತಂದಿದ್ದು, ಅದರ ಐದು ವಿಭಾಗಗಳಲ್ಲಿ ಫ್ರೇಲ್ಟಿ ತಪಾಸಣೆಯೂ ಒಂದು. ಆದ್ದರಿಂದ ಇಂಥ ಅಂಕಗಳು ಚಾರ್ಟ್‌ಗಳಲ್ಲಿ ಹೆಚ್ಚುವ ಸಂಭವವೇ ಇದೆ.

ಆರ್ 54 ಸಿಸಿಯೂ (ಪಾವತಿ ಏರಿಸಬಲ್ಲ ಜೊತೆಕಾಯಿಲೆ) ಅಲ್ಲ, ಎಂಸಿಸಿಯೂ (ಇನ್ನೂ ಹೆಚ್ಚು ಏರಿಸಬಲ್ಲ ದೊಡ್ಡ ಜೊತೆಕಾಯಿಲೆ) ಅಲ್ಲ. ಡಿಆರ್‌ಜಿಯನ್ನು, ಅಂದರೆ ಆಸ್ಪತ್ರೆಗೆ ಸಿಗುವ ಹಣವನ್ನು ನಿರ್ಧರಿಸುವ ಕೇಸಿನ ಗುಂಪನ್ನು, ಅದು ಕದಲಿಸುವುದಿಲ್ಲ. ಹಣ ತಾರದ ಕೋಡ್ ಎಂದು ಬಿಟ್ಟುಬಿಡುವವರಿದ್ದಾರೆ; ನಾನು ಅದನ್ನು ಒಪ್ಪುವುದಿಲ್ಲ, ಏಕೆಂದರೆ ಕೋಡ್ ಹಾಕುವುದು ಚಾರ್ಟ್ ಹೇಳಿದ್ದನ್ನು ಹೇಳಲಿಕ್ಕೆ. ಆದರೆ ರೋಗಿ ಎಷ್ಟು ಸೋತಿದ್ದಾರೆ ಎಂಬುದನ್ನು ಆ ಒಂದು ಕೋಡ್ ಹೇಳಲಾರದು ಎಂಬುದೂ ನಿಜ. ಇಂಗ್ಲೆಂಡಿನಲ್ಲಿ 75 ದಾಟಿದ ಒಳರೋಗಿಗಳಿಗಾಗಿ 2018ರಲ್ಲಿ ಪ್ರಕಟವಾದ ಆಸ್ಪತ್ರೆ ಫ್ರೇಲ್ಟಿ ಅಪಾಯದ ಅಂಕ 109 ಐಸಿಡಿ-10 ಕೋಡ್‌ಗಳ ತೂಕವನ್ನು ಕೂಡಿಸುತ್ತದೆ. ಮೊತ್ತ 15 ದಾಟಿದರೆ ಅಪಾಯ ಹೆಚ್ಚು. ಅಲ್ಲಿ ಅತಿ ಹೆಚ್ಚು ತೂಕ, 7.1, ಇರುವುದು ಆಲ್‌ಝೈಮರ್‌ನ ಮರೆಗುಳಿತನಕ್ಕೆ. ಬೀಳುವುದು, ಗೊಂದಲ, ಮೂತ್ರದ ಸೋಂಕು ಎಲ್ಲ ಸೇರಿಯೇ ಲೆಕ್ಕ. ಸೋತ ದೇಹ ಕಾಣಿಸುವುದು ಸುತ್ತಲಿನ ಸಣ್ಣ ಕೋಡ್‌ಗಳಲ್ಲಿ. ಮುಂದಿನ ಹೆಜ್ಜೆಗಳೆಲ್ಲ ಅವುಗಳದ್ದೇ.

ತೂಕ ಇಳಿದದ್ದು

ಇಲ್ಲಿ ನಿಧಾನಿಸಿ. ಈ ಚಾರ್ಟ್‌ಗಳಲ್ಲಿ ಅತಿ ಹೆಚ್ಚು ಹಣವೂ ಅತಿ ಹೆಚ್ಚು ಜಗಳವೂ ಇರುವುದು ಇಲ್ಲಿಯೇ.

ಅಜ್ಜಿಯ ಆಹಾರತಜ್ಞೆ ಬರೆದಿದ್ದಾರೆ: ಆರು ತಿಂಗಳ ಹಿಂದೆ 115 ಪೌಂಡ್, ಈಗ 99. ಎತ್ತರ 5 ಅಡಿ 1 ಅಂಗುಲ. ಕಣತಲೆ ಗುಳಿ ಬಿದ್ದಿದೆ, ಕೊರಳೆಲುಬು ಎದ್ದು ಕಾಣುತ್ತಿದೆ. ತೀವ್ರ ಅಪೌಷ್ಟಿಕತೆ. ಲೆಕ್ಕ ಹಾಕಿ ನೋಡಿ. 16 ಪೌಂಡ್ ಇಳಿದಿದೆ, ಸುಮಾರು ಶೇ. 14. ಅಮೆರಿಕದಲ್ಲಿ ಬಳಕೆಯಲ್ಲಿರುವ 2012ರ ಮಾನದಂಡದಂತೆ, ದೀರ್ಘಕಾಲದ ಕಾಯಿಲೆಯವರಲ್ಲಿ ಆರು ತಿಂಗಳಿಗೆ ಶೇ. 10 ದಾಟಿದ ಇಳಿಕೆ ತೀವ್ರ ಎನಿಸುತ್ತದೆ. ಆ ಮಾನದಂಡದ ಆರು ಲಕ್ಷಣಗಳು ಇವು: ಆಹಾರ ಸೇವನೆ ಸಾಲದಿರುವುದು, ತೂಕ ಇಳಿಕೆ, ಸ್ನಾಯು ನಷ್ಟ, ಚರ್ಮದಡಿಯ ಕೊಬ್ಬಿನ ನಷ್ಟ, ನೀರು ತುಂಬುವಿಕೆ, ಕೈಹಿಡಿತದ ಬಲ ಕುಗ್ಗುವುದು. ಕನಿಷ್ಠ ಎರಡು ಇರಬೇಕು. ಅಜ್ಜಿಗೆ ತೂಕ ಇಳಿದಿದೆ, ಸ್ನಾಯು ಕರಗಿದೆ. ಎರಡಾಯಿತು. ಬಿಎಂಐ ಸುಮಾರು 18.7.

ಈಗ ವೈದ್ಯರ ನೋಟ್ ತೆರೆದರೆ, ಅಲ್ಲಿರುವುದು ‘ಊಟ ಸೇರುತ್ತಿಲ್ಲ, ಕೃಶ ದೇಹ’ ಎಂಬಷ್ಟೇ.

ಇಷ್ಟನ್ನು ನೋಡಿ ಇ 43, ತೀವ್ರ ಅಪೌಷ್ಟಿಕತೆ, ಹಾಕುವಂತಿಲ್ಲ. ಆಹಾರತಜ್ಞೆ ಎಷ್ಟೇ ಚೆನ್ನಾಗಿ ಬರೆದಿದ್ದರೂ ನಿರ್ಣಯ ಅವರದ್ದಲ್ಲ. ಬಿಎಂಐನ ಝಡ್ 68.1 ಕೂಡ ವೈದ್ಯರ ನಿರ್ಣಯವೊಂದು ಜೊತೆಗಿಲ್ಲದೆ ತಾನಾಗಿ ನಿಲ್ಲದು. ಕ್ವೆರಿ, ಅಂದರೆ ವೈದ್ಯರಿಗೆ ಲಿಖಿತ ಪ್ರಶ್ನೆ, ಕಳಿಸಬೇಕು. ವೈದ್ಯರು ‘ತೀವ್ರ ಅಪೌಷ್ಟಿಕತೆ, ಆಹಾರತಜ್ಞೆಯ ಮೌಲ್ಯಮಾಪನದಂತೆ, ದಿನಕ್ಕೆ ಎರಡು ಬಾರಿ ಪೂರಕ ಆಹಾರ’ ಎಂದು ಬರೆದರೆ ನಿರ್ಣಯ, ಆಧಾರ, ಚಿಕಿತ್ಸೆ ಮೂರೂ ಒಂದೇ ಸಾಲಿನಲ್ಲಿ ಸಿಕ್ಕಂತೆ.

ಈ ಕಟ್ಟುನಿಟ್ಟು ಯಾಕೆ ಎಂದರೆ, ಇ 43 ಎಂಸಿಸಿ. ಒಂದೇ ಕೋಡ್ ಡಿಆರ್‌ಜಿಯನ್ನು ಮೇಲಿನ ಮೆಟ್ಟಿಲಿಗೆ ಏರಿಸುತ್ತದೆ. ಅಮೆರಿಕದ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿ 2016 ಮತ್ತು 2017ರ ಹಣಕಾಸು ವರ್ಷಗಳ 200 ಕ್ಲೇಮ್‌ಗಳನ್ನು ತೆರೆದು ನೋಡಿತು. ಎಲ್ಲದರಲ್ಲೂ ಇ 41 (ಮರಾಸ್ಮಸ್ ಎಂಬ ತೀವ್ರ ಅಪೌಷ್ಟಿಕತೆ) ಅಥವಾ ಇ 43 ಇತ್ತು. ಸರಿಯಾಗಿದ್ದವು 27. ಉಳಿದ 173ರಲ್ಲಿ 164ಕ್ಕೆ ಹೆಚ್ಚಿನ ಹಣ ಹೋಗಿತ್ತು. ದೇಶದ ಲೆಕ್ಕಕ್ಕೆ ಹಿಗ್ಗಿಸಿದಾಗ ಅಂದಾಜು ನೂರು ಕೋಟಿ ಡಾಲರ್ ಎಂದು 2020ರ ಜುಲೈನಲ್ಲಿ ವರದಿ ಬಂತು. ಆ ವರದಿ ಬಂದ ಮೇಲೆ ಇ 43 ಒಂದೇ ಎಂಸಿಸಿಯಾಗಿರುವ ಚಾರ್ಟ್ ಎಂದರೆ ಆಡಿಟರ್‌ಗೆ ಹಬ್ಬದೂಟ.

ಹೋಲುವ ಕೋಡ್‌ಗಳ ನಡುವಿನ ಗೆರೆಯೂ ಗೊತ್ತಿರಲಿ. ಮಧ್ಯಮ ಅಪೌಷ್ಟಿಕತೆ ಇ 44.0, ಸಿಸಿ. ಕಶೆಕ್ಸಿಯಾ, ಅಂದರೆ ದೇಹ ತೀರ ಸೊರಗುವುದು, ಆರ್ 64, ಸಿಸಿ. ಆದರೆ ಕ್ಯಾನ್ಸರ್‌ನಂಥ ಮೂಲ ಕಾಯಿಲೆಯಿಂದ ಬಂದ ಕ್ಷಯಿಸುವಿಕೆಗೆ 2023ರ ಅಕ್ಟೋಬರ್‌ನಿಂದ ಇ 88.ಎ ಇದೆ. ‘ವಯಸ್ಕರಲ್ಲಿ ಏಳಿಗೆಯಿಲ್ಲದಿರುವುದು’ ಎಂಬ ಆರ್ 62.7 ವೈದ್ಯರಿಗೆ ಬಹಳ ಪ್ರಿಯ, ಏಕೆಂದರೆ ಅದನ್ನು ಬರೆದರೆ ಮುಂದೆ ಯೋಚಿಸಬೇಕಿಲ್ಲ. ಹಾಸ್ಪೈಸ್ ಕ್ಲೇಮ್‌ಗಳಲ್ಲಿ ಇದನ್ನೂ ‘ನಿತ್ರಾಣ’ವನ್ನೂ ಮುಖ್ಯ ನಿರ್ಣಯವಾಗಿ ಇಡುವುದನ್ನು ಮೆಡಿಕೇರ್ 2014ರ ಅಕ್ಟೋಬರ್‌ನಿಂದ ನಿಲ್ಲಿಸಿದೆ. ಅಂಥ ಕ್ಲೇಮ್ ವಾಪಸು ಬರುತ್ತದೆ.

ಗೊಂದಲ

ಮೂರನೆಯ ಸಂಜೆ ಅಜ್ಜಿ ಮಗಳನ್ನು ಗುರುತಿಸಲಿಲ್ಲ, ಐವಿ ಕಿತ್ತುಕೊಂಡರು ಎಂದು ನರ್ಸ್ ಬರೆದಿದ್ದಾರೆ. ಪ್ರೊಗ್ರೆಸ್ ನೋಟ್‌ನಲ್ಲಿ ‘ಮಾನಸಿಕ ಸ್ಥಿತಿಯಲ್ಲಿ ಬದಲಾವಣೆ’. ಅಷ್ಟಕ್ಕೆ ಸಿಗುವುದು ಆರ್ 41.82, ಒಂದು ಲಕ್ಷಣದ ಕೋಡ್. ಡೆಲಿರಿಯಂ (ದಿಢೀರನೆ ಬರುವ ಮತಿಭ್ರಮೆ) ಎಂದು ಬರೆದರೆ ಎಫ್ 05, ಸಿಸಿ. ಮೂಲ ಕಾಯಿಲೆಯನ್ನು ಅದಕ್ಕೂ ಮೊದಲು ಇಡಬೇಕು. ಮೆಟಬಾಲಿಕ್ ಎನ್ಸೆಫಲೋಪಥಿ (ದೇಹದ ರಾಸಾಯನಿಕ ಏರುಪೇರಿನಿಂದ ಮಿದುಳಿನ ಕೆಲಸ ಕೆಡುವುದು) ಎಂದು ಬರೆದರೆ ಜಿ 93.41, ಎಂಸಿಸಿ. ಹಾಸಿಗೆಯ ಮೇಲಿನ ರೋಗಿ ಒಬ್ಬರೇ, ಬರೆದ ಮಾತಿಗೆ ತಕ್ಕಂತೆ ಮೂರು ಬೆಲೆ. ಆದ್ದರಿಂದ ಎನ್ಸೆಫಲೋಪಥಿ ಕಂಡ ಕೂಡಲೇ ಆಧಾರ ಹುಡುಕಿ: ಅಜ್ಜಿಯ ಎಂದಿನ ಸ್ಥಿತಿ ಏನಿತ್ತು, ಎಷ್ಟು ಬದಲಾಯಿತು, ಸೋಂಕು ಇಳಿದಂತೆ ತಿಳಿಯಾಯಿತೇ, ಅದಕ್ಕಾಗಿ ಯಾವ ಪರೀಕ್ಷೆ ಮಾಡಿದರು. ಎಂದಿನ ಸ್ಥಿತಿಯೇ ದಾಖಲಾಗಿಲ್ಲದಿದ್ದರೆ ಆ ನಿರ್ಣಯ ಆಡಿಟ್‌ನಲ್ಲಿ ಉಳಿಯುವುದು ಕಷ್ಟ.

ಮರೆಗುಳಿತನದ ಕೋಡ್‌ಗಳನ್ನು 2022ರ ಅಕ್ಟೋಬರ್‌ನಲ್ಲಿ ತೀವ್ರತೆಯ ಮೇಲೆ ಒಡೆದಿದ್ದಾರೆ. ಆಲ್‌ಝೈಮರ್‌ಗೆ ಜಿ 30.9 ಮೊದಲು; ವರ್ತನೆಯ ತೊಂದರೆಯಿಲ್ಲದ ತೀವ್ರ ಮರೆಗುಳಿತನವಾದರೆ ಅದರ ಹಿಂದೆ ಎಫ್ 02.ಸಿ0. ತೀವ್ರತೆಯನ್ನು ನೀವು ಊಹಿಸುವಂತಿಲ್ಲ.

ಹುಣ್ಣು ಮತ್ತು ಪಿಒಎ

ಬೆನ್ನ ಕೆಳಗಿನ, ಸೇಕ್ರಲ್ ಭಾಗದ ಮೂರನೆಯ ಹಂತದ ಒತ್ತಡದ ಹುಣ್ಣು ಎಲ್ 89.153. ಹುಣ್ಣು ಇದೆ ಎಂದು ವೈದ್ಯರು, ಹಂತ ಮೂರು ಎಂದು ಗಾಯದ ನರ್ಸ್. ಇಬ್ಬರ ನೋಟ್ ಸೇರಿಸಿದರೆ ಕೋಡ್ ಪೂರ್ತಿ. ಆಮೇಲೆ ಪಿಒಎ ಸೂಚಕ, ಬರುವಾಗಲೇ ಇತ್ತೇ ಎಂಬುದರ ಗುರುತು. ವೈ ಎಂದರೆ ಇತ್ತು, ಎನ್ ಎಂದರೆ ಇರಲಿಲ್ಲ, ಯು ಎಂದರೆ ದಾಖಲೆ ಸಾಲದು, ಡಬ್ಲ್ಯೂ ಎಂದರೆ ವೈದ್ಯರಿಗೇ ಹೇಳಲಾಗದು. ಮೂರು, ನಾಲ್ಕನೆಯ ಹಂತದ ಹುಣ್ಣು ಆಸ್ಪತ್ರೆಯಲ್ಲೇ ಆದದ್ದಾದರೆ 2008ರ ಅಕ್ಟೋಬರ್‌ನಿಂದ ಮೆಡಿಕೇರ್ ಅದಕ್ಕೆ ಹೆಚ್ಚುವರಿ ಹಣ ಕೊಡುವುದಿಲ್ಲ. ಯು ಕೂಡ ಎನ್‌ನ ಗತಿಯನ್ನೇ ಕಾಣುತ್ತದೆ. ಹಾಗಾಗಿ ಯು ಹಾಕುವ ಮುನ್ನ ಒಮ್ಮೆ ಕೇಳಿ ನೋಡಿ. ಅಜ್ಜಿ ಎರಡನೆಯ ಹಂತದೊಂದಿಗೆ ಬಂದು ಇಲ್ಲಿ ಮೂರಕ್ಕೆ ಏರಿದ್ದರೆ ಎರಡು ಕೋಡ್: ಬಂದಾಗಿನ ಹಂತಕ್ಕೆ ಎಲ್ 89.152, ವೈ, ತಲುಪಿದ ಗರಿಷ್ಠ ಹಂತಕ್ಕೆ ಎಲ್ 89.153, ಎನ್.

ಝಡ್ 66, ಝಡ್ 51.5

ಹೃದಯ ನಿಂತರೆ ಮತ್ತೆ ಎಬ್ಬಿಸುವ ಪ್ರಯತ್ನ ಬೇಡ ಎಂಬ ಆದೇಶಕ್ಕೆ ಝಡ್ 66. ಪ್ರೊವೈಡರ್ ದಾಖಲಿಸಿರಬೇಕು, ಕೈಪಟ್ಟಿಯ ಬಣ್ಣವನ್ನು ನರ್ಸ್ ಬರೆದದ್ದು ಸಾಲದು. ವಾಸದ ಅವಧಿಯಲ್ಲಿ ಯಾವಾಗಲಾದರೂ ಆ ಸ್ಥಿತಿ ಇದ್ದರೆ ಸಾಕು. ಮಗ ದೂರದ ಊರಿನಿಂದ ಬಂದು ಆದೇಶವನ್ನು ರದ್ದು ಮಾಡಿಸಿದ ಎಂಬ ಕಾರಣಕ್ಕೆ ಕೋಡ್ ಅಳಿಸಬೇಕಿಲ್ಲ.

ಉಪಶಮನ ಆರೈಕೆಗೆ ಝಡ್ 51.5. ‘ಕಂಫರ್ಟ್ ಕೇರ್’, ‘ಬದುಕಿನ ಕೊನೆಯ ಆರೈಕೆ’ ಎಂದಿದ್ದರೂ ಇದೇ ಕೋಡ್. ಒಳರೋಗಿ ಚಾರ್ಟ್‌ನಲ್ಲಿ ಸಾಮಾನ್ಯವಾಗಿ ಇದು ಎರಡನೆಯ ಸಾಲಿನಲ್ಲಿರುತ್ತದೆ, ಮೂಲ ಕಾಯಿಲೆ ಮುಂದಿರುತ್ತದೆ. ತಂಡ ಬಂದು ಮಾತಾಡಿತು, ಕುಟುಂಬ ಒಪ್ಪಲಿಲ್ಲ, ಎಂದಿನ ಚಿಕಿತ್ಸೆಯೇ ಮುಂದುವರಿಯಿತು ಎಂದಾದರೆ ಬರಿಯ ಪ್ರಸ್ತಾಪಕ್ಕೆ ಈ ಕೋಡ್ ಕೊಡಬೇಡಿ. ಈ ಎರಡರಿಂದಲೂ ಡಿಆರ್‌ಜಿ ಏರುವುದಿಲ್ಲ. ಆದರೂ ಇವು ಬಿಟ್ಟುಹೋದರೆ, ಮರಣದ ಲೆಕ್ಕ ನೋಡುವವರಿಗೆ ಇಂಥ ರೋಗಿಯ ಸಾವು ಅನಿರೀಕ್ಷಿತವಾಗಿ ಸಂಭವಿಸಿದ್ದೆಂಬಂತೆ ತೋರಬಹುದು.

ಹಾಸಿಗೆ ಹಿಡಿದಿರುವುದು ಝಡ್ 74.01, ಪದೇ ಪದೇ ಬೀಳುವುದು ಆರ್ 29.6, ಹಿಂದೆ ಬಿದ್ದ ಇತಿಹಾಸ ಝಡ್ 91.81, ಮನೆಯಲ್ಲೂ ಆಮ್ಲಜನಕ ಬೇಕಾದವರಿಗೆ ಝಡ್ 99.81. ಇವನ್ನು ಹಾಕುವಾಗ ಒಂದು ಅಡಚಣೆ ಇದೆ. ಆಸ್ಪತ್ರೆಯ ಕ್ಲೇಮ್‌ನಲ್ಲಿ ಜಾಗ ಇರುವುದು ಮುಖ್ಯ ನಿರ್ಣಯ ಸೇರಿ 25ಕ್ಕೆ ಮಾತ್ರ. ಇಂಥ ಅಜ್ಜಿಯ ಚಾರ್ಟ್ ಆ ಸಂಖ್ಯೆಯನ್ನು ಸಲೀಸಾಗಿ ದಾಟುತ್ತದೆ. ಇಪ್ಪತ್ತು ವರ್ಷದ ಹಿಂದಿನ ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆ ಒಳಗಿದ್ದು ಝಡ್ 66 ಹೊರಗುಳಿಯದಂತೆ ಕ್ರಮ ಹಚ್ಚಿ.

ವೈದ್ಯರ ಬಿಲ್

ಇದು ಬೇರೆ ಕ್ಲೇಮ್, ಇಲ್ಲಿ ಸಿಪಿಟಿ ಕೋಡ್, ಅಂದರೆ ವೈದ್ಯರ ಸೇವೆಗಳ ಕೋಡ್. 2023ರ ಜನವರಿಯಿಂದ ಒಳರೋಗಿ ಭೇಟಿಗಳನ್ನು ವೈದ್ಯಕೀಯ ನಿರ್ಧಾರದ ಮಟ್ಟದ ಮೇಲೆ ಅಥವಾ ಒಟ್ಟು ಸಮಯದ ಮೇಲೆ ಆರಿಸುತ್ತಾರೆ. ಮೊದಲ ಭೇಟಿಯ 99223ಕ್ಕೆ ಸಮಯದ ಲೆಕ್ಕದಲ್ಲಿ 75 ನಿಮಿಷ, ಮುಂದಿನ ದಿನಗಳ 99233ಕ್ಕೆ 50. ಮುನ್ನೋಟ ಚೆನ್ನಾಗಿಲ್ಲದ ಕಾರಣ ಮರುಚೇತನ ಬೇಡ ಅಥವಾ ಚಿಕಿತ್ಸೆ ಇಳಿಸೋಣ ಎಂಬ ನಿರ್ಧಾರವನ್ನು ಸಿಪಿಟಿಯ ಕೋಷ್ಟಕ ಉನ್ನತ ಅಪಾಯದ ಉದಾಹರಣೆಯಾಗಿಯೇ ಹೆಸರಿಸಿದೆ. ಆದರೆ ಕಾಯಿಲೆ, ಮಾಹಿತಿ, ಅಪಾಯ ಎಂಬ ಮೂರು ಅಂಶಗಳಲ್ಲಿ ಎರಡು ಆ ಮಟ್ಟ ಮುಟ್ಟಬೇಕು. ಅದೊಂದರಿಂದ 99233 ಬರುವುದಿಲ್ಲ.

ಕೊನೆಗಾಲದ ಇಚ್ಛೆಗಳ ಬಗ್ಗೆ ರೋಗಿಯೊಂದಿಗೋ ಕುಟುಂಬದೊಂದಿಗೋ ಎದುರು ಕೂತು ಮಾತಾಡಿದ್ದಕ್ಕೆ 99497 ಇದೆ. ಮೆಡಿಕೇರ್ 2016ರಿಂದ ಹಣ ಕೊಡುತ್ತಿದೆ. ಹೆಸರಿಗೆ ಮೊದಲ 30 ನಿಮಿಷದ ಕೋಡ್, ಆದರೆ ಅರ್ಧ ದಾಟಿದರೆ ಸಾಕೆಂಬ ನಿಯಮದಂತೆ 16ನೆಯ ನಿಮಿಷದಿಂದ ಸಲ್ಲುತ್ತದೆ. 46 ನಿಮಿಷವಾದರೆ 99498 ಜೊತೆಗೆ. ಯಾರು ಇದ್ದರು, ಏನು ಮಾತಾಯಿತು, ಎಷ್ಟು ಹೊತ್ತು, ಅವರ ಒಪ್ಪಿಗೆಯಿಂದಲೇ ಆಯಿತೇ, ಇಷ್ಟು ನೋಟ್‌ನಲ್ಲಿರಲಿ. ಅದೇ ನಿಮಿಷಗಳನ್ನು ಭೇಟಿಯ ಸಮಯಕ್ಕೂ ಎಣಿಸಬಾರದು. ಅದೇ ದಿನ ಕ್ರಿಟಿಕಲ್ ಕೇರ್‌ನ 99291 ಇದ್ದರೆ 99497 ಹಾಕುವಂತಿಲ್ಲ.

ಕ್ವೆರಿ ಬರೆಯುವುದು

‘ಡಾಕ್ಟರ್, ತೀವ್ರ ಅಪೌಷ್ಟಿಕತೆ ಎಂದು ಬರೆಯುವಿರಾ?’ ಎಂದು ಕೇಳುವುದು ಕ್ವೆರಿಯಲ್ಲ, ಉತ್ತರವನ್ನು ಬಾಯಿಗೆ ತುರುಕುವುದು. ಚಾರ್ಟ್‌ನಲ್ಲಿರುವುದನ್ನು ತಾರೀಖಿನೊಂದಿಗೆ ಮುಂದಿಡಿ: ತೂಕ ಇಷ್ಟಿತ್ತು, ಇಷ್ಟಾಗಿದೆ, ಆಹಾರತಜ್ಞೆ ಹೀಗೆ ಕಂಡಿದ್ದಾರೆ, ಈ ಪೂರಕ ಆಹಾರ ಆದೇಶವಾಗಿದೆ. ಆಮೇಲೆ ಆಯ್ಕೆಗಳು: ತೀವ್ರ, ಮಧ್ಯಮ, ಅಪೌಷ್ಟಿಕತೆ ಇಲ್ಲ, ಬೇರೇನಾದರೂ, ಹೇಳಲಾಗದು. ಹಣದ ಮಾತು, ಡಿಆರ್‌ಜಿಯ ಹೆಸರು ಎಲ್ಲೂ ಸುಳಿಯಬಾರದು. ಎಂಸಿಸಿ ತರುವ ಕ್ವೆರಿಗಳನ್ನಷ್ಟೇ ಕಳಿಸುವ ಕಚೇರಿಗಳಿವೆ. ವೈದ್ಯರು ಆ ವಾಸನೆಯನ್ನು ಬೇಗ ಹಿಡಿಯುತ್ತಾರೆ, ಆಮೇಲೆ ಯಾವ ಕ್ವೆರಿಗೂ ಮನಸ್ಸಿಟ್ಟು ಉತ್ತರಿಸುವುದಿಲ್ಲ.

ಚಾರ್ಟ್ ಮುಚ್ಚುವ ಮುನ್ನ

ಡಿಸ್ಚಾರ್ಜ್ ಸ್ಟೇಟಸ್ ನೋಡಿ. ಸ್ಕಿಲ್ಡ್ ನರ್ಸಿಂಗ್ ಸೌಲಭ್ಯಕ್ಕೆ 03, ಮನೆಯಲ್ಲಿ ಹಾಸ್ಪೈಸ್‌ಗೆ 50, ಸಂಸ್ಥೆಯಲ್ಲಿ ಹಾಸ್ಪೈಸ್‌ಗೆ 51, ನಿಧನಕ್ಕೆ 20. ಹಾಸ್ಪೈಸ್‌ಗೆ ಹೋದವರನ್ನೂ 2018ರ ಅಕ್ಟೋಬರ್‌ನಿಂದ ವರ್ಗಾವಣೆಯ ನಿಯಮದಡಿ ತಂದಿರುವುದರಿಂದ, ಕೆಲವು ಡಿಆರ್‌ಜಿಗಳಲ್ಲಿ ಬೇಗ ಬಿಡುಗಡೆಯಾದರೆ ಪಾವತಿ ಕಡಿತವಾಗುತ್ತದೆ. ಸಮ್ಮರಿಯ ಸಾಲೊಂದನ್ನೇ ನಂಬದೆ ಕೇಸ್ ಮ್ಯಾನೇಜರ್ ನೋಟ್ ತೆರೆಯಿರಿ. ಅಜ್ಜಿ ಕೊನೆಗೆ ಯಾವ ವಾಹನದಲ್ಲಿ ಎಲ್ಲಿಗೆ ಹೋದರು ಎಂಬುದು ಅಲ್ಲಿರುತ್ತದೆ.

ಇನ್ನೊಂದು, ಸೆಪ್ಟೆಂಬರ್ ಕೊನೆಯ ವಾರದಲ್ಲಿ ದಾಖಲಾದವರ ಚಾರ್ಟ್. ಕೋಡ್‌ಗಳ ಹೊಸ ವರ್ಷ ಅಕ್ಟೋಬರ್ 1ಕ್ಕೆ ಶುರು, ಲೆಕ್ಕಕ್ಕೆ ಬರುವುದು ಬಿಡುಗಡೆಯ ದಿನ. ಸೆಪ್ಟೆಂಬರ್ 28ಕ್ಕೆ ಸೇರಿ ಅಕ್ಟೋಬರ್ 3ಕ್ಕೆ ಹೊರಟ ರೋಗಿಗೆ ಇಡೀ ವಾಸಕ್ಕೂ ಹೊಸ ವರ್ಷದ ಕೋಡ್‌ಗಳೇ. ಎನ್‌ಕೋಡರ್‌ನಲ್ಲಿ ಬಿಡುಗಡೆಯ ತಾರೀಖನ್ನು ಸರಿಯಾಗಿ ತುಂಬಿದ ಮೇಲೆಯೇ ಮೊದಲ ಕೋಡ್ ಹುಡುಕಿ.